ಎರಡೂವರೆ ಅಡಿ ಎತ್ತರ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಯ ಹೊಸ್ತಿಲಿಗೂ ಬೀದಿಗೂ ಒಂದೂವರೆ ಅಡಿ ಅಂತರ. ಮೂರು ಮೆಟ್ಟಿಲು. ಇಪ್ಪತ್ತು ವರ್ಷ ಅವನ್ನು ದಿನವೂ ಹತ್ತಿ ಇಳಿದಿದ್ದೆ, ಆದರೆ ನೋಡಿರಲಿಲ್ಲ. ನನ್ನ ತಂಗಿಯ ಮಗ ಎಂಟನೇ ತರಗತಿಯಲ್ಲಿದ್ದಾಗ ಹುಣಸೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಓದಿಗೆಂದು ಅವನು ಗಾಲಿಕುರ್ಚಿಯಲ್ಲಿ ನಮ್ಮ ಮನೆಗೆ ಬಂದ ದಿನ ಆ ಮೆಟ್ಟಿಲುಗಳು ಮೊದಲ ಬಾರಿ ನನ್ನ ಕಣ್ಣಿಗೆ ಬಿದ್ದವು.

ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆಸಿದೆ. "ಆರಡಿ ಇಳಿಜಾರು ಹಾಕಿಬಿಡ್ತೀನಿ ಸಾರ್, ಸ್ಕೂಟರೂ ಹತ್ತುತ್ತೆ" ಎಂದರು. ಸ್ಕೂಟರಿಗೆ ಎಂಜಿನ್ ಇದೆ, ಹುಡುಗನಿಗೆ ಇರುವುದು ಎರಡು ಕೈ. ಹುಡುಗ, ಕುರ್ಚಿ ಸೇರಿ 65 ಕೆ.ಜಿ. ಆರಡಿ ಇಳಿಜಾರಿನಲ್ಲಿ ಸುಮಾರು 16 ಕೆ.ಜಿ. ಭಾರವನ್ನು ಮೇಲಕ್ಕೆ ತಳ್ಳಿದಂತಾಗುತ್ತದೆ. ಅದೇ ಹದಿನೆಂಟು ಅಡಿಯಾದರೆ ಐದೂವರೆ ಕೆ.ಜಿ. ಸಾಕು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದೇ ಎಲ್ಲ ಕಡೆ ಒಪ್ಪಿರುವ ಲೆಕ್ಕ. ಒಂಬತ್ತನೇ ತರಗತಿಯಲ್ಲಿ ಸರಳ ಯಂತ್ರಗಳ ಪಾಠ ಮಾಡುವಾಗ ಪ್ರತಿ ವರ್ಷ ಹೇಳುತ್ತಿದ್ದ ಓರೆ ಸಮತಲ ಇದೇ. "ಹಂಗಾದ್ರೆ ಎದುರುಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ ಸಾರ್" ಎಂದು ಮೇಸ್ತ್ರಿ ನಕ್ಕರು. ಕೊನೆಗೆ ಗೋಡೆಗುಂಟ ತಿರುಗಿಸಿ, ತಿರುವಿನಲ್ಲಿ ಒಂದು ಸಮತಟ್ಟು ಬಿಟ್ಟು ಕಟ್ಟಿದರು. ಹುಡುಗ ಈಗ ಯಾರನ್ನೂ ಕರೆಯದೆ ಬೀದಿಗೆ ಇಳಿಯುತ್ತಾನೆ.

ಅವನಿಗೆ ಕಾರ್ ರೇಸಿನ ಹುಚ್ಚು. ಓದುವ ಮೇಜಿನ ಮೇಲೆ ಫ್ರಾಂಕ್ ವಿಲಿಯಮ್ಸ್ ಚಿತ್ರ ಅಂಟಿಸಿಕೊಂಡಿದ್ದಾನೆ. ಫಾರ್ಮುಲಾ ಒನ್ ತಂಡದ ಒಡೆಯರಾಗಿದ್ದ ವಿಲಿಯಮ್ಸ್ 1986ರ ಮಾರ್ಚಿನಲ್ಲಿ ಫ್ರಾನ್ಸಿನಲ್ಲಿ ಆದ ಕಾರು ಅಪಘಾತದ ನಂತರ ಗಾಲಿಕುರ್ಚಿ ಬಿಟ್ಟು ಏಳಲಿಲ್ಲ. ಅವರ ತಂಡ ಗೆದ್ದ ಒಂಬತ್ತು ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್‌ಷಿಪ್‌ಗಳಲ್ಲಿ ಏಳು ಬಂದದ್ದು ಆ ಅಪಘಾತದ ನಂತರವೇ. 2001ರ ರೇಸಿನಲ್ಲಿ ಎರಡೂ ಕಾಲು ಕಳೆದುಕೊಂಡ ಇಟಲಿಯ ಅಲೆಕ್ಸ್ ಝನಾರ್ಡಿ, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕೈಯಿಂದ ಓಡಿಸುವ ಸೈಕಲ್ ತುಳಿದು ಚಿನ್ನ ಗೆದ್ದರು (ಕೈಯಲ್ಲಿ ತುಳಿಯುವುದು ಎನ್ನಬಹುದೋ ಇಲ್ಲವೋ, ಭಾಷಾ ಮೇಷ್ಟ್ರು ಹೇಳಬೇಕು). ಆ ಸ್ಪರ್ಧೆ ನಡೆದ ಬ್ರ್ಯಾಂಡ್ಸ್ ಹ್ಯಾಚ್ ಕೂಡ ಮೋಟಾರ್ ರೇಸಿನ ಟ್ರ್ಯಾಕೇ. ಇದನ್ನೆಲ್ಲ ನನಗೆ ಕಲಿಸಿದವನು ಅವನು.

ಹೋದ ವರ್ಷ ಬೆಂಗಳೂರಿನ ಹೊರವಲಯದ ಒಂದು ಮೈದಾನದಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ಕಾರುಗಳ ಸ್ಪರ್ಧೆ ಏರ್ಪಟ್ಟಿತ್ತು. ಏರ್ಪಡಿಸಿದವರ ಹೆಸರು ಇಲ್ಲಿ ಬೇಡ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಶಾಶ್ವತ ಟ್ರ್ಯಾಕ್ ಇದೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ಕೂಡ ನಡೆಯಿತು. ನಮ್ಮ ಕಡೆಯ ಸ್ಪರ್ಧೆಗಳಿಗೆ ಹೆಚ್ಚಾಗಿ ಮೈದಾನ ಇಲ್ಲವೆ ತೋಟದ ರಸ್ತೆಯೇ ಗತಿ. ಎರಡು ದಿನಕ್ಕೆ ಕಟ್ಟಿ ಮೂರನೆಯ ದಿನ ಬಿಚ್ಚುವ ಏರ್ಪಾಡು.

ಬೆಳಿಗ್ಗೆ ಆರಕ್ಕೇ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಹೆದ್ದಾರಿ ಸಲೀಸು. ಕಷ್ಟ ಶುರುವಾದದ್ದು ಗೇಟಿನಲ್ಲಿ. ಸ್ಕೂಟರುಗಳು ನುಗ್ಗದಂತೆ ಕಬ್ಬಿಣದ ಕಂಬಿಗಳನ್ನು ಅಂಕುಡೊಂಕಾಗಿ ನೆಟ್ಟಿದ್ದರು. ಸ್ಕೂಟರ್ ನುಗ್ಗದ ಕಡೆ ಗಾಲಿಕುರ್ಚಿಯೂ ನುಗ್ಗದು. ಸ್ವಯಂಸೇವಕ ಹುಡುಗರು ಒಳ್ಳೆಯವರು. ಕೇಳುವ ಮೊದಲೇ ನಾಲ್ವರು ಬಂದು ಕುರ್ಚಿ ಸಮೇತ ಎತ್ತಿ ಆಚೆ ಇಟ್ಟರು. ಗಾಳಿಯಲ್ಲಿದ್ದ ಆ ಅರೆ ನಿಮಿಷ ಅವನು ಎರಡೂ ಮುಷ್ಟಿ ಬಿಗಿ ಹಿಡಿದು ಎಲ್ಲೋ ನೋಡುತ್ತಿದ್ದ.

ಒಳಗೆ ಸಡಿಲ ಮಣ್ಣು. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಹೂತುಕೊಂಡವು. ಹಿಂದಕ್ಕೆ ಬಾಗಿಸಿ ದೊಡ್ಡ ಗಾಲಿಗಳ ಮೇಲೆ ಹಿಮ್ಮುಖವಾಗಿ ಎಳೆದರೆ ಸಲೀಸು. ಹಾಗೇ ಎಳೆದುಕೊಂಡು ಬೇಲಿಯ ಹತ್ತಿರ ಹೋದೆ. ಮೊದಲ ಕಾರು ಹೊರಟಿತು, ಮುಂದಿದ್ದ ಜನರೆಲ್ಲ ಎದ್ದು ನಿಂತರು. ಅಲ್ಲಿಗೆ ಮುಗಿಯಿತು. ಅವನ ಮುಂದೆ ಬರೀ ಬೆನ್ನುಗಳ ಗೋಡೆ.

ಅವನು ಕಣ್ಣು ಮುಚ್ಚಿದ. ಅಳುತ್ತಾನೇನೋ ಎಂದುಕೊಂಡೆ. "ಮಾವ, ಡಾಪ್ಲರ್!" ಎಂದ. ಕಾರು ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಗಂಟೆಗೆ 120 ಕಿ.ಮೀ. ವೇಗದಲ್ಲಾದರೆ ಹೆಚ್ಚುಕಡಿಮೆ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು. ಇಳಿತ ಹೆಚ್ಚಾದಷ್ಟೂ ವೇಗ ಹೆಚ್ಚು. ಹೀಗೆ ಕಿವಿಯಿಂದಲೇ ಯಾವ ಕಾರು ಮುಂದಿದೆ ಎಂದು ಅಂದಾಜು ಹೇಳುತ್ತಿದ್ದ. ಮೇಷ್ಟ್ರಾಗಿ ನನಗೆ ಹೆಮ್ಮೆಯಾಯಿತು. ಸೋದರಮಾವನಾಗಿ ಆಗಲಿಲ್ಲ, ಟಿಕೆಟ್ ಕೊಟ್ಟು ಬಂದದ್ದು ನೋಡುವುದಕ್ಕೆ.

ಮಧ್ಯಾಹ್ನ ನೀರಿನ ಬಾಟಲಿ ಕೊಟ್ಟೆ, ಬೇಡವೆಂದ. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ. ಸಾಲಾಗಿ ನಿಲ್ಲಿಸಿದ್ದ ಪೆಟ್ಟಿಗೆಯಂಥ ಶೌಚಾಲಯಗಳಿಗೆ ಒಂದಡಿ ಮೆಟ್ಟಿಲು, ಕುರ್ಚಿಗಿಂತ ಕಿರಿದಾದ ಬಾಗಿಲು. ಬಂದ ಕೂಡಲೇ ಅದನ್ನು ನೋಡಿಕೊಂಡಿದ್ದಾನೆ. ನಾನು ನೋಡಿರಲಿಲ್ಲ.

ಮೇಲ್ವಿಚಾರಕರನ್ನು ಹುಡುಕಿಕೊಂಡು ಹೋದೆ. "ಸೇಫ್ಟಿ ಪ್ರಶ್ನೆ ಸಾರ್. ಕಾರು ದಾರಿ ತಪ್ಪಿದರೆ ಬೇರೆಯವರು ಓಡ್ತಾರೆ, ಇವರು ಏನು ಮಾಡ್ತಾರೆ?" ಎಂದರು. ಅದು ತಳ್ಳಿಹಾಕುವ ಮಾತಲ್ಲ. ಆದರೆ ಹಾಗೆ ಭಯವಿದ್ದರೆ ಮೊದಲೇ ದೂರದಲ್ಲಿ, ತಡೆಗೋಡೆಯ ಹಿಂದೆ, ಎತ್ತರದಲ್ಲಿ ಅವರಿಗೊಂದು ಜಾಗ ಮಾಡಬೇಕಾಗಿತ್ತಲ್ಲವೆ? ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳಿಗಷ್ಟೇ ಅಲ್ಲ, ಖಾಸಗಿಯಾಗಿ ಸೇವೆ ಒದಗಿಸುವವರಿಗೂ ಅನ್ವಯಿಸುತ್ತದೆ. ದೃಷ್ಟಿದೋಷವುಳ್ಳ ರಾಜೀವ್ ರಾತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಇಂಥ ಅನುಕೂಲಗಳ ನಿಯಮಗಳು ಬರೀ ಶಿಫಾರಸುಗಳಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಹೇಳಿತು. ಇದನ್ನೆಲ್ಲ ಅಲ್ಲಿ ನಿಂತು ಹೇಳಲು ಧೂಳೂ ಸದ್ದೂ ಬಿಡಲಿಲ್ಲ. ಅವರೇ ಉಪಾಯ ಮಾಡಿ ಒಂದು ಟ್ರ್ಯಾಕ್ಟರ್ ಟ್ರೈಲರ್ ತರಿಸಿದರು. ಮತ್ತೆ ನಾಲ್ವರು ಎತ್ತಿದರು. ಕೊನೆಯ ಎರಡು ಸುತ್ತು ಕಂಡವು. ತಿರುವಿನಲ್ಲಿ ಹಿಂದಿನ ಗಾಲಿ ಜಾರಿಸಿಕೊಂಡು ಹೋದ ಕೆಂಪು ಕಾರನ್ನು ನೋಡಿ ಅವನು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಮೆಲ್ಲಗೆ ಕೇಳಿದ: "ಇಳಿಯೋದು ಹೇಗೆ ಮಾವ? ಮತ್ತೆ ಎತ್ತುತ್ತಾರಾ?"

ವಾಪಸು ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ನೀರು ಕುಡಿದ, ಎರಡು ಲೋಟ. ಬಿಲ್ಲಿನ ಹಿಂಬದಿಯಲ್ಲಿ ತ್ರಿಕೋನ ಬರೆದ. ಕುರ್ಚಿಯಲ್ಲಿ ಕೂತವನ ಕಣ್ಣು ನೆಲದಿಂದ ನಾಲ್ಕಡಿ. ಆರಡಿ ದೂರದಲ್ಲಿ ಆರಡಿ ಎತ್ತರದ ಮನುಷ್ಯ ನಿಂತಿದ್ದಾನೆ, ಅವನಿಂದ ಅರವತ್ತಡಿ ಆಚೆ ಟ್ರ್ಯಾಕು. ಆ ಮನುಷ್ಯನ ತಲೆಯ ಮೇಲಿಂದ ಹಾದು ಕಾರಿನ ಗಾಲಿ ನೆಲ ಮುಟ್ಟುವ ಜಾಗ ಕಾಣಬೇಕಾದರೆ ಕಣ್ಣು ಆರಡಿ ಏಳಂಗುಲದ ಮೇಲಿರಬೇಕು. ಅಂದರೆ ಕಟ್ಟೆಯ ಎತ್ತರ ಎರಡೂವರೆ ಅಡಿಗೆ ಒಂದಂಗುಲ ಹೆಚ್ಚು. ಅದಕ್ಕೆ ಮೂವತ್ತೊಂದು ಅಡಿ ಇಳಿಜಾರು. "ಇಷ್ಟೇನಾ ಮಾವ?" ಎಂದ. ನಾನೂ ಲೆಕ್ಕ ತಿರುಗಿ ನೋಡಿದೆ. ಇಷ್ಟೇ.

ಆ ರಾತ್ರಿಯೇ ಸಂಘಟಕರಿಗೆ ಪತ್ರ ಬರೆದ. ದೂರು ಒಂದೂ ಇಲ್ಲ, ಅಳತೆಗಳು ಮಾತ್ರ: ಗೇಟಿನಲ್ಲಿ ಮೂರಡಿ ದಾರಿ, ಮಣ್ಣಿನ ಮೇಲೆ ಹಲಗೆ ಹಾಸು, ಒಂದು ಅಗಲ ಬಾಗಿಲಿನ ಶೌಚಾಲಯ, ಕಟ್ಟೆ, ಕಣ್ಣು ಕಾಣದವರಿಗಾಗಿ ಧ್ವನಿವರ್ಧಕದಲ್ಲಿ ಕನ್ನಡದ ವಿವರಣೆ. ತಿಂಗಳ ನಂತರ ಫೋನ್ ಬಂತು. "ಕುರ್ಚಿಯವರು ಎಷ್ಟು ಜನ ಬರ್ತಾರೆ?" ಎಂದು ಕೇಳಿದರಂತೆ. "ಕಟ್ಟೆ ಆದಮೇಲೆ ಎಣಿಸಿ ಹೇಳ್ತೀನಿ ಸಾರ್" ಎಂದನಂತೆ. ಅತ್ತ ಕಡೆಯವರು ನಕ್ಕು, ನಕ್ಷೆ ಕಳಿಸಲು ಹೇಳಿದ್ದಾರೆ.

ಈಗ ನಮ್ಮ ಜಗಲಿಯಲ್ಲಿ ನಕ್ಷೆ ಬರೆಯುವ ಕೆಲಸ ನಡೆದಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಿದೆಯೆಂದು ತಂಗಿ ಫೋನಿನಲ್ಲಿ ನನ್ನನ್ನು ಬೈಯುತ್ತಾಳೆ. ಮೊನ್ನೆ ಸಂಜೆ ಗಾರೆ ಮೇಸ್ತ್ರಿ ಬಂದು ಹಾಳೆಯನ್ನು ಆಚೀಚೆ ತಿರುಗಿಸಿ ನೋಡಿದರು. ಬರೀ ಪ್ಲೈವುಡ್ ಆದರೆ ನಡುವೆ ಬಗ್ಗುತ್ತದೆ, ಎರಡಡಿಗೊಂದು ಅಡ್ಡಮರ ಕೊಡಬೇಕು, ಅಂಚಿಗೆ ಗಾಲಿ ಜಾರದಂತೆ ಪಟ್ಟಿ ಹೊಡೆಯಬೇಕು ಎಂದರು. ಹುಡುಗ ರಬ್ಬರಿನಿಂದ ಉಜ್ಜಿ ಮತ್ತೆ ಬರೆಯತೊಡಗಿದ.