ತಂದೆಯವರ ಸೈಕಲ್ಲಿನ ಸೀಟು

ಬೆಳಗಾವಿಯ ಜೈನ ಬಟ್ಟೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಅವರ ದಿವಂಗತ ತಂದೆಯವರ ರ‍್ಯಾಲಿ ಸೈಕಲ್ಲು ಬಹುಕಾಲ ಮೂಲೆ ಹಿಡಿದಿತ್ತು. ಹಳ್ಳಿ ಹಳ್ಳಿ ತಿರುಗಿ ಉದ್ರಿ ವಸೂಲು ಮಾಡಿದ ಸೈಕಲ್ಲದು. ಮಗನು ಅದನ್ನು ಹೊರತೆಗೆದು ತುಕ್ಕು ಬಿಡಿಸಿ ಹೊಸ ಟೈರು ಹಾಕಿಸಿದನು. ಉಳಿದದ್ದು ಸೀಟು. ಬ್ರೂಕ್ಸ್ ಕಂಪನಿಯ ಆ ಚರ್ಮದ ಸೀಟು ನಡುವೆ ಕುಸಿದು, ಹಿಂಬದಿಯ ರಿವೆಟ್ಟುಗಳ ಬಳಿ ಹರಿದಿತ್ತು.

ಕುದುರೆಯ ಚರ್ಮಸಾಮಗ್ರಿಗಳಿಗಾಗಿ 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಕಂಪನಿಯದು. ಸೈಕಲ್ ಸೀಟಿನ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದು 1882ರಲ್ಲಿ. ಈ ಸೀಟಿನೊಳಗೆ ಮೆತ್ತೆಯೇ ಇಲ್ಲ. ದಪ್ಪ ಚರ್ಮದ ಒಂದೇ ಹಾಳೆಯನ್ನು ನೆನೆಸಿ, ಅಚ್ಚಿಗೆ ಒತ್ತಿ ಒಣಗಿಸಿ, ಮುಂದಿನ ಮೂಗಿಗೂ ಹಿಂದಿನ ಕಬ್ಬಿಣದ ಪಟ್ಟಿಗೂ ರಿವೆಟ್ಟು ಹೊಡೆದು ತೊಟ್ಟಿಲಿನಂತೆ ತೂಗಿಸಿರುತ್ತಾರೆ. ಸಡಿಲಾದರೆ ಮೂಗಿನ ಕೆಳಗಿನ ಬೋಲ್ಟನ್ನು ತುಸುತುಸುವೇ ತಿರುಗಿಸಿ ಬಿಗಿಯಬಹುದು. ಅಂಚುಗಳು ಅಗಲಿದರೆ ಇಬ್ಬದಿಗೂ ತೂತು ಕೊರೆದು ಕೆಳಗಿನಿಂದ ದಾರ ಎಳೆದು ಕಟ್ಟುವುದುಂಟು. ರಿವೆಟ್ಟಿನ ಬಳಿಯೇ ಹರಿದ ಚರ್ಮಕ್ಕೆ ಈ ಉಪಾಯಗಳು ನಡೆಯವು. ಹೊಸ ಹಾಳೆಯನ್ನೇ ಹಾಕಬೇಕು.

ಮಗನು ಹೊಸ ಚರ್ಮವನ್ನೇ ಬಯಸಿದನು. "ಅಪ್ಪಾಜಿ, ಅಜ್ಜ ಇದರ ಮೇಲೆಯೇ ಕೂತು ತಿರುಗಿದರಲ್ಲ! ಆಗಿಲ್ಲದ ದೋಷ ಈಗ ಎಲ್ಲಿಂದ ಬಂತು?"

ಪ್ರಶ್ನೆ ಸುಲಭದ್ದಲ್ಲ. ಆ ಹಿರಿಯರು ಚರ್ಮದ ಚಪ್ಪಲಿಯನ್ನು ತ್ಯಜಿಸಿದ್ದವರು. "ಅವರು ಸೈಕಲ್ಲು ಕೊಂಡರು, ಚರ್ಮ ಅದರೊಂದಿಗೆ ಬಂತು. ನಾವೀಗ ಚರ್ಮವನ್ನೇ ಕೊಳ್ಳಹೊರಟಿದ್ದೇವೆ" ಎಂದು ವ್ಯಾಪಾರಿ ಉತ್ತರಿಸಿದರು. ಲೆಕ್ಕದ ಪುಸ್ತಕದಲ್ಲಿ ಎರಡೂ ಖರ್ಚಿನ ಬಾಬತ್ತೇ ಎಂಬುದು ಅವರಿಗೂ ಮರುಕ್ಷಣವೇ ಹೊಳೆಯಿತು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ತಂದೆಯವರ ಖರೀದಿಯನ್ನು ಎಲ್ಲಿಡಬೇಕೆಂದು ಅವರು ನಿರ್ಣಯಿಸಲಿಲ್ಲ. ನಿರ್ಣಯಿಸುವ ಅಧಿಕಾರವೂ ತಮಗಿದೆಯೆಂದು ಅನಿಸಲಿಲ್ಲ. ಹೊಸ ಹಾಳೆಗೆ ಬೇಡಿಕೆಯಿಡುವುದು ಮಾತ್ರ ನಿಸ್ಸಂಶಯವಾಗಿ ಕಾರಿತವೇ. ಚರ್ಮಕ್ಕೆ ಸವರಲು ಅದೇ ಕಂಪನಿ ಮಾರುವ ಲೇಪದಲ್ಲಿಯೂ ಪ್ರಾಣಿಯ ಕೊಬ್ಬು ಸೇರಿದೆ. 2013ರಲ್ಲಿ ಆ ಕಂಪನಿಯೇ ರಬ್ಬರು ಮತ್ತು ಹತ್ತಿಬಟ್ಟೆಯ ಸೀಟನ್ನು ಹೊರತಂದಿತಾದರೂ ಅದು ಬೇರೆಯೇ ಸೀಟು. ಹಳೆಯ ಚೌಕಟ್ಟಿಗೆ ಹೊದಿಸುವ ವಸ್ತುವಲ್ಲ.

ಕೊನೆಗೆ ಸೈಕಲ್ ರಿಪೇರಿಯವನನ್ನು ಕೂರಿಸಿಕೊಂಡು ತಮ್ಮ ಕಸುಬಿನ ವಸ್ತುವನ್ನೇ ಮುಂದಿಟ್ಟರು. ಮಂಚಕ್ಕೆ ಹೆಣೆಯುವ ಹತ್ತಿಯ ನವಾರನ್ನು ಎರಡು ಪದರಾಗಿ ಮಡಚಿ, ತೂತುಗಳು ಹಿಗ್ಗದಂತೆ ವಾಷರು ಕೊಟ್ಟು ರಿವೆಟ್ಟು ಹೊಡೆದರು. ಮೇಲೆ ತೆಂಗಿನ ನಾರಿನ ಮೆತ್ತೆ, ಅದರ ಮೇಲೆ ಕಂದು ರೆಕ್ಸಿನ್. ರೆಕ್ಸಿನ್ ಮಣ್ಣಲ್ಲಿ ಕೊಳೆಯದ ವಸ್ತು, ಅದನ್ನೂ ನಿರ್ದೋಷಿಯೆನ್ನುವಂತಿಲ್ಲ. ಸ್ಪ್ರಿಂಗು, ಬೋಲ್ಟು, ಚೌಕಟ್ಟು ಹಳೆಯವೇ ಉಳಿದವು.

ತಿಂಗಳೊಳಗೆ ನವಾರು ಜಗ್ಗಿತು. ಮಗನು ಗೊಣಗುತ್ತಲೇ ಪಾನಾ ತಂದು ಬೋಲ್ಟನ್ನು ಅರ್ಧ ಸುತ್ತು ಬಿಗಿದನು. ಬಿಚ್ಚಿದ ಹಳೆಯ ಚರ್ಮವನ್ನು ಎಸೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅದು ಇನ್ನೂ ಗೋದಾಮಿನಲ್ಲಿ, ತಂದೆಯವರ ವಸೂಲಿ ಪುಸ್ತಕಗಳ ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ ಇದೆ.