ಗಾಜಿನೊಳಗಿನ ಕಡಲಿಗೆ ಅಳತೆ ಎಷ್ಟು?

ಮುಂಬಯಿಯಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ಅಳತೆಯ ಟೇಪು ಬೀಗದ ಕೈಯಷ್ಟೇ ಹತ್ತಿರದಲ್ಲಿರಬೇಕು. ಊರಿನಲ್ಲಾದರೆ ಮಂಚ ಕೊಂಡ ಮೇಲೆ ಅದಕ್ಕೆ ಜಾಗ ಹುಡುಕುತ್ತೇವೆ; ಇಲ್ಲಿ ಜಾಗ ಅಳೆದ ಮೇಲೆ ಮಂಚ ಬೇಕೋ ಬೇಡವೋ ಎಂದು ಯೋಚಿಸುತ್ತೇವೆ. ಇಂಥ ಊರಿನಲ್ಲಿ, ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆಗೆ ಸಮುದ್ರವನ್ನೇ ತರಲು ಹೊರಟೆವೆಂದರೆ ಸಂಘದ ಬಂಧುಗಳು ನಗದೆ ಇರಲಾರರು. ನಗಲಿ.

ಕಾರಣವಿಲ್ಲದೆ ಹೊರಟವರಲ್ಲ ನಾವು. ನಮ್ಮ ಮಾವನವರು ಕಾರವಾರದ ಕಡಲ ಮಗ್ಗುಲಲ್ಲೇ ಎಪ್ಪತ್ತೆಂಟು ವರ್ಷ ಬಾಳಿದವರು. ಸೊಂಟದ ಎಲುಬು ಮುರಿದ ಮೇಲೆ ಇಲ್ಲಿಗೆ ಕರೆತಂದೆವು. ಕಟ್ಟಡಕ್ಕೆ ಲಿಫ್ಟಿಲ್ಲ. ಅರಬ್ಬೀ ಸಮುದ್ರ ಎರಡು ಮೈಲಿಯೊಳಗೇ ಇದ್ದರೂ ಅವರ ಪಾಲಿಗೆ ಇಲ್ಲದಂತೆಯೇ. ಗಾಲಿಕುರ್ಚಿಯಲ್ಲಿ ಕುಳಿತು ಎದುರುಮನೆಯವರ ಒಣಗುವ ಬಟ್ಟೆ ನೋಡುವುದೇ ದಿನಚರಿಯಾಯಿತು. ಮಾತು ಕಡಿಮೆಯಾಯಿತು, ಆಮೇಲೆ ಊಟವೂ. ಮೀನಿನ ತೊಟ್ಟಿಯೊಂದನ್ನು ತರೋಣವೇ ಎಂದು ಕೇಳಿದಾಗ, “ಸಿಹಿನೀರಿನದಾದರೆ ಬೇಡ, ಅದು ಕೆರೆ” ಎಂದರು. ಎಷ್ಟೋ ದಿನಗಳ ಮೇಲೆ ಅವರು ಬೇಕು-ಬೇಡ ಹೇಳಿದ್ದು ಅದೇ. ಅಲ್ಲಿಗೆ ಉಪ್ಪುನೀರೆಂಬುದು ನಿಶ್ಚಯವಾಯಿತು, ಉಳಿದದ್ದು ಅಳತೆ.

ಒಬ್ಬೊಬ್ಬರದು ಒಂದೊಂದು ಅಳತೆ. ಯಜಮಾನರು ಬಾಲ್ಯದಲ್ಲಿ ಶಾಲೆಯ ಪ್ರವಾಸಕ್ಕೆ ಬಂದು, 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ನೋಡಿದವರು. ಅವರಿಗೆ ಆರಡಿಗಿಂತ ಕಡಿಮೆಯದು ತೊಟ್ಟಿಯೇ ಅಲ್ಲ. ಖರ್ಚಿನ ಲೆಕ್ಕ ಬರೆಯುವ ನಮಗೆ ಎರಡಡಿಯದು ಧಾರಾಳವಾಗಿ ಕಂಡಿತು. ಚಿಕ್ಕದಾದರೆ ಸುಲಭ ಎಂದು ಯಾರಿಗಾದರೂ ತೋರುತ್ತದೆಯಷ್ಟೆ. ಉಪ್ಪುನೀರಿನಲ್ಲಿ ಅದು ತಿರುಗುಮುರುಗು. ಕಲ್ಲಿನ ಹಿಂದೆ ಯಾರಿಗೂ ಕಾಣದಂತೆ ಒಂದು ಮೀನು ಸತ್ತಿತೆನ್ನಿ. ಅದು ಕೊಳೆತು ಅಮೋನಿಯಾ ವಿಷ ಬಿಡುತ್ತದೆ. ಅದೇ ಮೀನಿನ ವಿಷ 340 ಲೀಟರಿನಲ್ಲಿ ಹರಡುವುದಕ್ಕಿಂತ 40 ಲೀಟರಿನಲ್ಲಿ ಎಂಟೂವರೆಪಟ್ಟು ಗಾಢವಾಗುತ್ತದೆ. ವಿದ್ಯುತ್ತು ಹೋದಾಗ ಬಿಸಿಯೇರುವುದೂ ಚಿಕ್ಕ ತೊಟ್ಟಿಯೇ ಬೇಗ. ಹಾಲು ಉಕ್ಕುವುದನ್ನು ಕಾಯುವ ಹಾಗೆ ತೊಟ್ಟಿಯನ್ನು ಹಗಲಿಡೀ ಕಾಯುವ ಪುರುಸೊತ್ತು ನಮಗಿಲ್ಲ.

ಹಾಗಾದರೆ ಆರಡಿಯೇ ಆಗಲಿ ಎಂದು ಯಜಮಾನರು ಹಿಗ್ಗಿದರು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ನೀರು ಎಂದರೆ 24 ಘನ ಅಡಿ. ಘನ ಅಡಿಗೆ 28.3 ಲೀಟರು, ಒಟ್ಟು 680 ಲೀಟರು. ಸಮುದ್ರದ ನೀರು ಲೀಟರಿಗೆ 1.025 ಕಿಲೋ ತೂಗುತ್ತದೆ. ಅಂದರೆ ನೀರೊಂದೇ ಸುಮಾರು 700 ಕಿಲೋ! ಗಾಜು, ಕಲ್ಲು, ಮರಳು, ಮೇಜು ಬೇರೆ. ವಾಸದ ಮನೆಯ ನೆಲವನ್ನು ಚದರ ಮೀಟರಿಗೆ 200 ಕಿಲೋ ಭಾರ ಹೊರುವಂತೆ ಲೆಕ್ಕ ಹಾಕಿರುತ್ತಾರೆಂದು, ಬಂದು ನೋಡಿದ ಇಂಜಿನಿಯರರು ಹೇಳಿದರು. ಅದು ಇಡೀ ಕೋಣೆಯ ಸರಾಸರಿಯಾದ್ದರಿಂದ, ಭಾರವನ್ನು ನಡುಕೋಣೆಯಲ್ಲಿಡದೆ, ಕೆಳಗೆ ತೊಲೆಯಿರುವ ಗೋಡೆಗೆ ಒತ್ತಿ ಇಡಬೇಕೆಂದರು. ಅಂಥ ಗೋಡೆ ನಮ್ಮಲ್ಲಿ ಒಂದೇ. ಬಾಗಿಲ ಮಗ್ಗುಲು ಬಿಟ್ಟರೆ ಅದರ ಉದ್ದ ನಾಲ್ಕೂವರೆ ಅಡಿ. ಮೆಟ್ಟಿಲಿನ ತಿರುವಿನಲ್ಲಿ ಆರಡಿಯ ಗಾಜು ತಿರುಗುವುದೂ ಇಲ್ಲ. ಯಜಮಾನರು ಟೇಪು ಹಿಡಿದು ಮೂರು ಸಲ ಇಳಿದು ಹತ್ತಿದರು. ತಿರುವು ಅಗಲವಾಗಲಿಲ್ಲ.

ಉದ್ದ ನಾಲ್ಕಡಿ ಎಂದಾಯಿತು. ಉದ್ದ ಕಡಿಮೆಯಾದರೆ ಎತ್ತರ ಹೆಚ್ಚಿಸಿ ಎಂಬುದು ಅಂಗಡಿಯವನ ಸಲಹೆ. ನೋಡಲು ಚೆಂದವೇ. ಆದರೆ ಎರಡಡಿ ಉದ್ದಗಲಕ್ಕೆ ಮೂರಡಿ ನೀರು ನಿಲ್ಲಿಸಿದರೂ, ನಾಲ್ಕಡಿ-ಎರಡಡಿಗೆ ಒಂದೂವರೆ ಅಡಿ ನಿಲ್ಲಿಸಿದರೂ ಬರುವುದು 12 ಘನ ಅಡಿಯೇ, 340 ಲೀಟರೇ. ಮೊದಲನೆಯದರ ಮೇಲ್ಮೈ 4 ಚದರ ಅಡಿ, ಎರಡನೆಯದರದು 8. ಮೀನಿಗೆ ಉಸಿರು ದೊರೆಯುವುದು ಮೇಲ್ಮೈಯಿಂದ. ಬೆಚ್ಚಗಿನ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಇನ್ನೊಂದು, ನೀರಿನ ಎತ್ತರ ಇಮ್ಮಡಿಸಿದರೆ ಗಾಜಿನ ತಳದಲ್ಲಿ ಒತ್ತಡ ಇಮ್ಮಡಿ, ಅದೇ ಉದ್ದದ ಇಡೀ ಗಾಜಿನ ಮೇಲಿನ ಬಲ ನಾಲ್ಮಡಿ. ಮತ್ತೂ ಒಂದು ನಮ್ಮ ಸ್ವಂತದ್ದು: ತಳದ ಕಸ ತೆಗೆಯುವ ಕೈ ನಮ್ಮದು, ಅದರ ಉದ್ದ ಎರಡಡಿಯ ಮೇಲಿಲ್ಲ.

ಅಗಲದಲ್ಲಿ ಮಾತ್ರ ನಾವು ಜಗ್ಗಲಿಲ್ಲ. ಒಂದಡಿ ಅಗಲವಾದರೆ ಕಲ್ಲುಗಳು ಗೋಡೆ ಕಟ್ಟಿದಂತೆ ನಿಲ್ಲುತ್ತವೆ. ಎರಡಡಿಯಾದರೆ ಮುಂದೆ ಹಿಂದೆ ಓಡಾಟಕ್ಕೆ ಗಲ್ಲಿ ಉಳಿಯುತ್ತದೆ. ಸಮುದ್ರದಿಂದ ಕಲ್ಲುಹವಳ ಕಿತ್ತು ತರುವುದು 2001ರಿಂದ ನಿಷಿದ್ಧ. ಆದ್ದರಿಂದ ಕೃತಕವಾಗಿ ಮಾಡಿದ ಕಲ್ಲುಗಳೇ ನಮಗೆ ಗತಿ. ಮುರ್ಡೇಶ್ವರದ ಆಚೆಗಿನ ನೇತ್ರಾಣಿಯ ಹವಳ ಹೇಗಿರುತ್ತದೆಂದು ಮಾವನವರು ಮೊಮ್ಮಗಳಿಗೆ ಅರ್ಧಗಂಟೆ ವರ್ಣಿಸಿದರು. ನಾವು ಅಡಿಗೆಮನೆಯಲ್ಲಿ ಸಾರು ಸೀದರೂ ಒಲೆ ಆರಿಸದೆ ಕೇಳಿದೆವು.

ಮೊಮ್ಮಗಳಿಗೆ ಬೇಕಾದದ್ದು 2003ರ ‘ಫೈಂಡಿಂಗ್ ನೀಮೋ’ ಚಿತ್ರದ ಇಬ್ಬರೂ. ಕಿತ್ತಳೆಬಣ್ಣದ ಕ್ಲೌನ್ ಮೀನು ಸರಿ, ನಾಲ್ಕಂಗುಲ ದಾಟದ ಪ್ರಾಣಿ. ಸಮುದ್ರದಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿಮಾಡಿಸಿದವೂ ದೊರೆಯುತ್ತವೆ. ನೀಲಿ ಟ್ಯಾಂಗ್ ಹಾಗಲ್ಲ. ಅಂಗಡಿಯಲ್ಲಿ ಎರಡಂಗುಲವಿದ್ದದ್ದು ಬೆಳೆದು ಒಂದಡಿಯಾಗುತ್ತದೆ, ಹಗಲೆಲ್ಲ ಈಜುತ್ತದೆ. ನಾಲ್ಕಡಿಯಲ್ಲಿ ಅದರ ಬಾಳು ಹೇಗಿದ್ದೀತು? ಹುಡುಗಿ ಅತ್ತಳು. ಅಜ್ಜ ಅವಳನ್ನು ಹತ್ತಿರ ಕರೆದು, ತಮ್ಮ ಗಾಲಿಕುರ್ಚಿಯಿಂದ ಕಿಟಕಿಯವರೆಗಿನ ದೂರವನ್ನು ಹೆಜ್ಜೆಯಲ್ಲಿ ಎಣಿಸಲು ಹೇಳಿದರು. ಐದು. ಆಮೇಲೆ ಅವಳು ಆ ಮೀನಿನ ಮಾತೆತ್ತಲಿಲ್ಲ. ನಾವೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಉಳಿದದ್ದು ಮೇಜಿನ ಎತ್ತರ. ಅಂಗಡಿಯ ಮೇಜು 40 ಅಂಗುಲ, ನಿಂತು ನೋಡುವವರಿಗೆ ಮಾಡಿದ್ದು. ಮಾವನವರು ಕುಳಿತಾಗ ಅವರ ಕಣ್ಣು ನೆಲದಿಂದ 44 ಅಂಗುಲ. ಆ ಮೇಜಿನ ಮೇಲಿಟ್ಟರೆ ಅವರಿಗೆ ಕಾಣುವುದು ಬರೀ ಮರಳು. ನಾವು 32 ಅಂಗುಲದ್ದನ್ನು ಮಾಡಿಸಿದೆವು. ಮೇಲಿನ ಹದಿನೆಂಟು ಅಂಗುಲ ನೀರಿನ ನಡುವಿಗಿಂತ ತುಸು ಮೇಲಕ್ಕೆ ಅವರ ದೃಷ್ಟಿ ಬೀಳುತ್ತದೆ. ಶೋಧಕದ ಸಾಮಾನಿಗೆ ಕೆಳಗೂ ಜಾಗ ಸಾಕಾಯಿತು.

ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸಬೇಕು: 34 ಲೀಟರು, ಎರಡು ಬಕೆಟು, ಒಂದೂಕಾಲು ಕಿಲೋ ಉಪ್ಪು. ಆರಡಿಯದಾಗಿದ್ದರೆ ನಾಲ್ಕು ಬಕೆಟು. ಹೊರುವವರು ಯಾರೆಂದು ಯಜಮಾನರನ್ನು ಕೇಳಿದೆವು. ಅವರು ಪತ್ರಿಕೆ ಓದುತ್ತಿದ್ದರು.

ತೊಟ್ಟಿ ಬಂದು ಮೂರು ವಾರವಾಯಿತು. ವಿಷ ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ನೆಲೆಯೂರಲು ಇನ್ನೂ ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನಿಲ್ಲ. ಮಾವನವರು ಬೆಳಗ್ಗೆ ಎದ್ದೊಡನೆ ಕುರ್ಚಿಯನ್ನು ಅತ್ತ ತಿರುಗಿಸಲು ಹೇಳುತ್ತಾರೆ. ನಿನ್ನೆ ಬೆರಳದ್ದಿ ನಾಲಗೆಗೆ ತಾಗಿಸಿ, “ಉಪ್ಪು ಒಂದು ಚೂರು ಕಡಿಮೆ” ಎಂದರು. ಮಾಪಕ ಹಾಕಿ ನೋಡಿದೆವು, ಕಡಿಮೆಯೇ ಇತ್ತು.