ಕಾಜಾ-ಗುಂಡಿ ಒಂದೇ ಬಾಕಿ

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಏನೆಂದು ನಮ್ಮಮ್ಮನಿಗೆ ಇಪ್ಪತ್ತೆರಡು ವರ್ಷದಿಂದ ವಿವರಿಸುತ್ತಾ ಬಂದಿದ್ದೇನೆ. ಕಂಪ್ಯೂಟರಿನಲ್ಲಿ ಬರೆಯುವ ಹುಡುಗರು ಬೇರೆ, ಬರೆದದ್ದರಲ್ಲಿ ತಪ್ಪು ಹುಡುಕುವ ಹುಡುಗಿಯರು ಬೇರೆ, ದುಡ್ಡು ಕೊಡುವವರು ಮತ್ತೂ ಬೇರೆ. ಇವರೆಲ್ಲರ ನಡುವೆ ಕೂತು ‘ಯಾವಾಗ ಮುಗಿಯುತ್ತೆ?’ ಎಂದು ಒಂದು ಕಡೆ ಕೇಳಿ, ಬಂದ ಉತ್ತರಕ್ಕೆ ಸ್ವಲ್ಪ ಒಗ್ಗರಣೆ ಹಾಕಿ ಇನ್ನೊಂದು ಕಡೆ ಬಡಿಸುವವನು ನಾನು ಎಂದಾಗ, ‘ಅಷ್ಟಕ್ಕೇ ಸಂಬಳ ಕೊಡ್ತಾರಾ?’ ಎಂದು ಅವಳು ಕೇಳಿದ್ದು ಒಂದೇ ಸಲ. ಆಮೇಲೆ ಕೇಳಲಿಲ್ಲ. ಕೇಳಿದರೆ ಎಲ್ಲಿ ನಿಂತುಹೋದೀತೋ ಎಂಬ ಭಯವಿರಬೇಕು. ನನ್ನ ಹುದ್ದೆಗೆ ಪ್ರಾಜೆಕ್ಟ್ ಮ್ಯಾನೇಜರ್ ಎನ್ನುತ್ತಾರೆ. ಗೀರ್ವಾಣಕ್ಕೆ ಏರಿಸಿದರೆ ಯೋಜನಾ ನಿರ್ವಾಹಕ. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಕಂಡಕ್ಟರನಿಗೂ ನಿರ್ವಾಹಕ ಎಂದೇ ಹೆಸರು, ಮತ್ತು ಆ ಹೋಲಿಕೆ ಬರಿಯ ಹೆಸರಿನದಲ್ಲ: ಬಸ್ಸು ಅವನದಲ್ಲ, ಓಡಿಸುವವನು ಅವನಲ್ಲ, ಘಾಟಿಯಲ್ಲಿ ಕೆಟ್ಟು ನಿಂತರೆ ಜನ ಬೈಯುವುದು ಮಾತ್ರ ಅವನನ್ನು.

ಈ ಉದ್ಯೋಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ‘ತೊಂಬತ್ತು ಪರ್ಸೆಂಟ್ ಆಗಿದೆ ಸರ್’ ಎಂಬುದು. ಸೋಮವಾರ ಕೇಳಿದರೂ ತೊಂಬತ್ತು, ಗುರುವಾರ ಕೇಳಿದರೂ ತೊಂಬತ್ತು, ನಡುವೆ ಗಣೇಶನ ಹಬ್ಬ ಬಂದು, ಗಣಪ ಕೆರೆಯಲ್ಲಿ ಕರಗಿ ಹೋದ ಮೇಲೂ ತೊಂಬತ್ತೇ. ಹುಡುಗ ಸುಳ್ಳು ಹೇಳುತ್ತಿಲ್ಲ. ಅವನು ಅದನ್ನು ಮನಸಾ ನಂಬಿದ್ದಾನೆ, ಅದೇ ಕಷ್ಟ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಟಾಮ್ ಕಾರ್ಗಿಲ್ ಎಂಬಾತ ಇದಕ್ಕೊಂದು ಸೂತ್ರವನ್ನೇ ಹೇಳಿದ, 1985ರಲ್ಲಿ ಅದು ಅಚ್ಚಾಗಿ ಪ್ರಸಿದ್ಧವೂ ಆಯಿತು. ಕೋಡಿನ ಮೊದಲ ತೊಂಬತ್ತು ಪಾಲು ಗೊತ್ತುಮಾಡಿದ ಕಾಲದ ತೊಂಬತ್ತು ಪಾಲನ್ನು ನುಂಗುತ್ತದೆ, ಉಳಿದ ಹತ್ತು ಪಾಲು ಇನ್ನೊಂದು ತೊಂಬತ್ತನ್ನು ನುಂಗುತ್ತದೆ. ಕೂಡಿದರೆ ನೂರ ಎಂಬತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ಗೌರವಕ್ಕಿಂತ ಹೆಚ್ಚಾಗಿ ಗುಮಾನಿ ಬಂತು: ಈ ಕಾರ್ಗಿಲ್ ಮಹಾಶಯನಿಗೂ ನಮ್ಮೂರಿನ ಟೈಲರಿಗೂ ಪರಿಚಯವಿತ್ತೇ?

ನಮ್ಮದು ಮಲೆನಾಡಿನ ಒಂದೇ ಬೀದಿಯ ಊರು. ದೀಪಾವಳಿಗೆ ದೊಡ್ಡಪ್ಪ ಒಂದೇ ಥಾನು ಬಟ್ಟೆ ತಂದು ಮನೆಯ ಐದೂ ಗಂಡುಹುಡುಗರಿಗೆ ಅಂಗಿ ಹೊಲಿಸುತ್ತಿದ್ದರು. ಹಬ್ಬದ ದಿನ ನಾವು ಐವರೂ ಸಾಲಾಗಿ ಹೊರಟರೆ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಿದ್ದೆವು. ಆ ವರ್ಷ ನೀಲಿ ಗೆರೆಯ ಬಟ್ಟೆ. ಹಬ್ಬಕ್ಕೆ ಹತ್ತು ದಿನ ಇರುವಾಗಿನಿಂದ ನಾನು ಶಾಲೆ ಬಿಟ್ಟೊಡನೆ ಟೈಲರ ಅಂಗಡಿಗೆ ಹಾಜರು. ಅವರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ‘ಆಗೋಯ್ತು ಪುಟ್ಟ, ಕಾಜಾ-ಗುಂಡಿ ಒಂದೇ ಬಾಕಿ, ನಾಳೆ ಸಂಜೆ ಬಾ’ ಎನ್ನುತ್ತಿದ್ದರು. ಎಂಥ ಭರವಸೆಯ ಮಾತು ನೋಡಿ! ಅಂಗಿ ಕಣ್ಣ ಮುಂದೆ ನಿಂತೇಬಿಡುತ್ತದೆ. ತೋಳಿದೆ, ಕಾಲರಿದೆ, ಜೇಬೂ ಇದೆ, ಗುಂಡಿ ಒಂದು ಬಂದುಬಿಟ್ಟರೆ ಸಾಕು. ಏಳು ಸಂಜೆ ಈ ಭರವಸೆಯನ್ನು ಮನೆಗೆ ತಂದೆ. ಎಂಟನೆಯ ಸಂಜೆ ಟೈಲರು ಚಹಾ ಕುಡಿಯಲು ಹೋಗಿದ್ದರು. ನಾನು ಕತ್ತರಿಸುವ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಹಳೆಯ ಪ್ಯಾಂಟುಗಳ ರಾಶಿಯ ಅಡಿಯಲ್ಲಿ ನೀಲಿ ಗೆರೆಯ ಬಟ್ಟೆ, ದೊಡ್ಡಪ್ಪ ಕೊಟ್ಟಾಗ ಹೇಗೆ ಮಡಿಸಿತ್ತೋ ಹಾಗೆಯೇ, ಅಳತೆಯ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿಕೊಂಡು ಮಲಗಿತ್ತು. ಕತ್ತರಿ ಬಿಡಿ, ಸೀಮೆಸುಣ್ಣದ ಗೆರೆಯೂ ಬಿದ್ದಿರಲಿಲ್ಲ.

ಪ್ರಾಜೆಕ್ಟ್ ನಡೆಸುವ ವಿದ್ಯೆಯಲ್ಲಿ ನಾನು ಕಲಿತದ್ದರ ಮುಕ್ಕಾಲು ಭಾಗ ಆ ಮೇಜಿನ ಕೆಳಗೆ ಕಲಿತದ್ದು. ಕೇಳಬಾರದು, ಬಗ್ಗಿ ನೋಡಬೇಕು. ‘ಎಷ್ಟು ಆಯಿತು?’ ಎಂಬ ಪ್ರಶ್ನೆಗೆ ಮನುಷ್ಯಮಾತ್ರದವನು ನಿಜವಾದ ಉತ್ತರ ಕೊಡಲಾರ, ‘ಏನೇನು ಬಾಕಿ? ಆದದ್ದನ್ನು ತೋರಿಸು’ ಎಂದರೆ ಕೊಡಬಲ್ಲ. ಅಂಗಿಯೆಂದರೆ ತೊಡಬಹುದಾದದ್ದು, ಇಲ್ಲವಾದರೆ ಬಟ್ಟೆ; ನಡುವೆ ತೊಂಬತ್ತು ಪರ್ಸೆಂಟ್ ಅಂಗಿ ಎಂಬ ಪದಾರ್ಥ ಸೃಷ್ಟಿಯಲ್ಲಿ ಇಲ್ಲ. ಆದ್ದರಿಂದ ಕೆಲಸವನ್ನು ಎರಡು ಮೂರು ದಿನದ ತುಂಡುಗಳಾಗಿ ಮಾಡಿ, ಒಂದೊಂದನ್ನೂ ಆಯಿತು ಅಥವಾ ಇಲ್ಲ ಎಂದಷ್ಟೇ ಗುರುತು ಹಾಕಿಸುತ್ತೇನೆ. ಹುಡುಗರಿಗೆ ಇದು ಕಿರಿಕಿರಿ. ‘ಸರ್ ಮೇಜಿನ ಕೆಳಗೆ ಬಂದರು’ ಎಂದು ತಮ್ಮತಮ್ಮಲ್ಲಿ ನಗುತ್ತಾರೆಂದು ಕೇಳಿದ್ದೇನೆ. ಕಥೆ ಹೇಳಿದವನು ನಾನೇ ಆದ್ದರಿಂದ ದೂರುವಂತಿಲ್ಲ.

ಇಷ್ಟೆಲ್ಲ ಜ್ಞಾನೋದಯವಾದ ಮನುಷ್ಯ ತಾನು ಸರಿಯಾಗಿ ಕಾಲ ಹೇಳಬಲ್ಲನೇ ಎಂದು ನೀವು ಕೇಳಬಹುದು. ಕೇಳದಿದ್ದರೆ ಒಳ್ಳೆಯದಿತ್ತು. ಊರ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡಲು ನಾನು ಒಪ್ಪಿಕೊಂಡದ್ದು ಮೂರು ತಿಂಗಳಿಗೆ, ಕೊಟ್ಟದ್ದು ಹದಿನಾಲ್ಕನೆಯ ತಿಂಗಳಿಗೆ. ಸಮಾಧಾನಕ್ಕೆ ಸಿಡ್ನಿಯ ಆಪೆರಾ ಹೌಸನ್ನು ನೆನೆಯುತ್ತೇನೆ: 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ ತೆರೆಯಿತು, 70 ಲಕ್ಷ ಡಾಲರ್ ಎಂದದ್ದು 10 ಕೋಟಿ ದಾಟಿತು. ಅವರದು ಸಮುದ್ರದ ದಂಡೆಯಲ್ಲಿ ನಿಂತು ಲೋಕವಿಖ್ಯಾತವಾಗಿದೆ, ನನ್ನದು ಸಂಘದ ಕಾರ್ಯದರ್ಶಿಯವರ ಮೇಜಿನ ಮೇಲಿದೆ, ಅಷ್ಟೇ ವ್ಯತ್ಯಾಸ. ಕೆನಡಾದ ಕೆಲವು ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ‘ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತೆ?’ ಎಂದು ಕೇಳಿದರು. ಸರಾಸರಿ 34 ದಿನ ಎಂದರು. ‘ಎಲ್ಲವೂ ಕೆಟ್ಟರೆ?’ ಅಂದದ್ದಕ್ಕೆ 49 ಎಂದರು. ಹಿಡಿದದ್ದು 55ಕ್ಕೂ ಹೆಚ್ಚು. ಅಂದರೆ ನಮ್ಮ ದುಃಸ್ವಪ್ನಗಳು ಕೂಡ ಆಶಾವಾದಿಗಳು.

ಇದಕ್ಕೆ ಔಷಧ ನಮ್ಮ ಮನೆಯಲ್ಲೇ ಇದೆ. ನಾನು ಸಿಲ್ಕ್ ಬೋರ್ಡಿನ ಹತ್ತಿರದಿಂದ ಫೋನು ಮಾಡಿ ‘ಇನ್ನು ಹತ್ತೇ ನಿಮಿಷ’ ಎಂದರೆ ನನ್ನ ಹೆಂಡತಿ ಆಗ ಅಕ್ಕಿ ತೊಳೆಯಲು ಏಳುತ್ತಾಳೆ. ನಾನು ಒಳಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಕುಕ್ಕರು ಆರಿರುತ್ತದೆ, ಅನ್ನ ಬಿಸಿಯಾಗಿರುತ್ತದೆ. ಟ್ರಾಫಿಕ್ಕಿನ ಸ್ಥಿತಿ, ಮಳೆ, ನನ್ನ ದನಿಯ ಆತ್ಮವಿಶ್ವಾಸ, ಯಾವುದನ್ನೂ ಅವಳು ವಿಚಾರಿಸುವುದಿಲ್ಲ. ಹಿಂದೆ ಹೀಗೆಂದಾಗಲೆಲ್ಲ ಎಷ್ಟು ಹೊತ್ತಿಗೆ ಬಂದಿದ್ದೆ ಎಂಬುದು ಒಂದೇ ಅವಳ ಲೆಕ್ಕ. ಹಿಂದಿನ ಅಂಥದೇ ಕೆಲಸ ನಿಜಕ್ಕೂ ಎಷ್ಟು ತಿಂದಿತ್ತು ಎಂದು ಕಡತ ತೆಗೆದು ನೋಡಿ, ಆ ಸಂಖ್ಯೆಯನ್ನೇ ಹೇಳಿ ಎಂದು ದೊಡ್ಡ ದೊಡ್ಡ ಪಂಡಿತರು ಬರೆದಿರುವುದು ಈ ಅನ್ನದ ಲೆಕ್ಕವನ್ನೇ.

ಸಂಘದ ಕೆಲಸ ತಡವಾದಾಗ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ: ನಾಲ್ವರಿದ್ದ ಕಡೆ ಇನ್ನೂ ಐವರನ್ನು ತಂದು ಕೂರಿಸಿದೆ. ಆರು ವಾರ ಹಿಂದಿದ್ದ ಕೆಲಸ ಹತ್ತು ವಾರ ಹಿಂದೆ ಬಿತ್ತು. ಐಬಿಎಂನ ಓಎಸ್/360 ಎಂಬ ಮಹಾಯೋಜನೆಯನ್ನು ನಡೆಸಿ ಬೆಂದಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು, ತಡವಾದ ತಂತ್ರಾಂಶಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಸಾರಿದ್ದ. ನಾನು ಆ ಪುಸ್ತಕ ಓದಿದ್ದೆ, ಅಡಿಗೆರೆಯನ್ನೂ ಹಾಕಿದ್ದೆ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಇದೆಲ್ಲ ನನ್ನ ಕಣ್ಣೆದುರೇ ಅತ್ತೆಯ ಮದುವೆಯಲ್ಲಿ ನಡೆದುಹೋಗಿತ್ತು.

ಆ ಮದುವೆಗೆ ಬಂದಿದ್ದ ಅಡುಗೆ ಭಟ್ಟರು ತೆಳ್ಳಗೆ, ಕಿವಿಯಲ್ಲಿ ಸದಾ ಒಂದು ಬೀಡಿ. ಪಟ್ಟಿ ಬರೆಯಲು ಕೂತವರು ಮೊದಲು ಕೇಳಿದ್ದು ಅಡುಗೆಯ ವಿಷಯವನ್ನಲ್ಲ. ‘ಮೊದಲ ಪಂಕ್ತಿ ಎಷ್ಟೊತ್ತಿಗೆ? ಎಷ್ಟು ಎಲೆ?’ ಎಂದು. ಹಿಂದಿನ ರಾತ್ರಿ ಗಂಡಿನ ಕಡೆಯವರಿಗೆ ಹೋಳಿಗೆ ಬೇಕೆಂದು ಹೇಳಿಕಳಿಸಿದರು. ದೊಡ್ಡಪ್ಪನ ಮುಖ ಬಿಳಿಚಿತು. ಭಟ್ಟರು, ‘ಅದಕ್ಕೇನು ರಾಯರೇ, ಮಾಡಾಣ. ಜಿಲೇಬಿ ಬಿಡಾಣೋ, ಚಿರೋಟಿ ಬಿಡಾಣೋ?’ ಎಂದರು. ಆಗುವುದಿಲ್ಲ ಎನ್ನಲಿಲ್ಲ, ಎಲ್ಲವೂ ಆಗುತ್ತದೆ ಎಂದೂ ಅನ್ನಲಿಲ್ಲ. ಗಿರಾಕಿ ನಡುನೀರಿನಲ್ಲಿ ಹೊಸದೊಂದು ಕೇಳಿದಾಗ ಆಡಬಹುದಾದ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಚಿರೋಟಿ ಹೋಯಿತು.

ಮರುದಿನ ಸಾರು ಕುದಿಯುವುದು ತಡವಾದಾಗ ದೊಡ್ಡಪ್ಪ ಗಾಬರಿಯಾಗಿ ಆರು ಜನ ನೆಂಟರನ್ನು ಅಡುಗೆಮನೆಗೆ ಅಟ್ಟಿದರು. ಒಬ್ಬರು ಈಳಿಗೆಮಣೆ ಎಲ್ಲಿ ಎಂದರು, ಇನ್ನೊಬ್ಬರು ತೆಂಗಿನಕಾಯಿ ಎಷ್ಟು ತುರಿಯಲಿ ಎಂದರು, ಮೂರನೆಯವರು ತಮ್ಮೂರಲ್ಲಿ ಸಾರಿಗೆ ಹೀಗೆ ಮಾಡುವುದಿಲ್ಲ ಎಂದರು. ಉಪ್ಪನ್ನು ಇಬ್ಬರು ಹಾಕಿದರು. ಭಟ್ಟರು ಸೌಟು ಕೆಳಗಿಟ್ಟು, ‘ರಾಯರೇ, ಇವರಿಗೆ ಹೇಳಿಕೊಡಲೋ, ಅಡುಗೆ ಮಾಡಲೋ?’ ಎಂದು ಶಾಂತವಾಗಿ ಕೇಳಿದರು. ಬ್ರೂಕ್ಸ್ ಇದನ್ನೇ ಲೆಕ್ಕ ಮಾಡಿ ತೋರಿಸಿದ: ನಾಲ್ವರಿದ್ದರೆ ಮಾತಾಡಿಕೊಳ್ಳಬೇಕಾದ ಜೋಡಿಗಳು ಆರು; ಒಂಬತ್ತು ಜನರಾದರೆ ಮೂವತ್ತಾರು. ಜನ ಬೇಕಾದರೆ ಹಿಂದಿನ ದಿನ ತರಕಾರಿ ಹೆಚ್ಚುವಾಗ ಕರೆಯಬೇಕು.

ನನ್ನ ಐವರನ್ನು ನಾನೂ ವಾಪಸು ಕಳಿಸಿದೆ. ಕಾರ್ಯದರ್ಶಿಯವರಿಗೆ ಭಟ್ಟರ ಧಾಟಿಯಲ್ಲೇ, ‘ಯಾವುದು ಬಿಡಾಣ?’ ಎಂದು ಕೇಳಿದೆ. ಅವರು ಕೃಷಿಕರು, ಗೊನೆ ಉಳಿಯಲು ಏನನ್ನು ಬಿಡಬೇಕೆಂದು ಬಲ್ಲವರು. ಐದು ನಿಮಿಷದಲ್ಲಿ ಹನ್ನೊಂದು ಬಾಬತ್ತು ಹೊಡೆದುಹಾಕಿದರು. ತಂತ್ರಾಂಶ ಈಗ ಓಡುತ್ತಿದೆ. ಅಡಿಕೆಯ ತೂಕ, ಮುಂಗಡ, ಬಡ್ಡಿ ಎಲ್ಲ ಪೈಸೆಗೆ ಪೈಸೆ ಸರಿ.

ಆ ದೀಪಾವಳಿಗೆ ನನ್ನ ಅಂಗಿ ಬಂದದ್ದು ಬಲಿಪಾಡ್ಯಮಿಯ ಮಧ್ಯಾಹ್ನ, ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ. ನೀವೆಂದಾದರೂ ಆ ಸಂಘಕ್ಕೆ ಹೋದರೆ, ವರದಿಯ ಪುಟದ ಬಲತುದಿಯಲ್ಲಿ ‘ಮುದ್ರಿಸು’ ಎಂಬ ಹಸಿರು ಗುಂಡಿಯೊಂದು ಕಾಣುತ್ತದೆ. ದಯವಿಟ್ಟು ಅದನ್ನು ಒತ್ತಬೇಡಿ.